ಊರ ಸಭಾಭವನದ ಮಾಡು: ಮಳೆಗೆ ಮುಂಚೆ ಆಗಬೇಕಾದ ದುರಸ್ತಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಸಭೆ, ನಾಟಕ, ತಾಳಮದ್ದಲೆಗಳಿಗೆಂದು ಊರವರೇ ಕೂಡಿ ಕಟ್ಟಿದ ಭವನಗಳಿವೆ. ಕಟ್ಟುವಾಗಿನ ಉತ್ಸಾಹ ಕಾಯುವಾಗ ಇರುವುದಿಲ್ಲವೆಂಬುದು ನಮಗೆಲ್ಲ ತಿಳಿದದ್ದೇ. ಒಂದು ಹಂಚು ಒಡೆದರೆ ಬರುವ ವರ್ಷ ನೋಡೋಣವೆನ್ನುತ್ತೇವೆ. ಅಲ್ಲಿಂದ ಇಳಿದ ನೀರು ಮೊದಲು ರೀಪನ್ನು, ಆಮೇಲೆ ಪಕಾಸನ್ನು ಕೊಳೆಸುತ್ತದೆ; ಒದ್ದೆ ಮರಕ್ಕೆ ವರಲೆ ಹತ್ತುತ್ತದೆ. ಒಂದು ಹಂಚಿನಲ್ಲಿ ಮುಗಿಯುವ ಕೆಲಸ ಇಡೀ ಮಾಡನ್ನೇ ಇಳಿಸುವ ಕೆಲಸವಾಗುತ್ತದೆ.

ಹಂಚೋ, ತಗಡೋ?

ತಗಡು ಹೊದಿಸಿದರೆ ತಾಪತ್ರಯ ತಪ್ಪಿತೆಂದು ಹಲವರ ಎಣಿಕೆ. ತಗಡು ಹಗುರ, ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ನಮ್ಮಲ್ಲಿ ಮಳೆಗಾಲವೇ ತಾಳಮದ್ದಲೆಯ ಕಾಲ. ತಗಡಿನ ಮೇಲೆ ಜಡಿಮಳೆ ಬಿದ್ದರೆ ಅರ್ಥಧಾರಿಯ ಮಾತು ಮುಂದೆ ಕುಳಿತವರಿಗೂ ಕೇಳಿಸದು. ಮಾತು ಕೇಳಿಸದ ಸಭಾಭವನ ಇದ್ದೂ ಇಲ್ಲದಂತೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಲಾಗಾಯ್ತು ಮಂಗಳೂರು ಹಂಚು ಇಂಥ ಮಳೆಯನ್ನು ತಾಳಿ ತೋರಿಸಿದೆ. ಮರ ಗಟ್ಟಿಯಾಗಿದ್ದರೆ ಹಂಚನ್ನೇ ಉಳಿಸಿಕೊಳ್ಳುವುದು ಲೇಸು.

ಕೆಲಸದ ಕ್ರಮ

1. ಮೊದಲು ಮರ. ಹಂಚು ಇಳಿಸಿ, ರೀಪು ಪಕಾಸುಗಳನ್ನು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿರಿ. ಸಲೀಸಾಗಿ ಒಳಗಿಳಿದರೆ ಆ ಮರ ಬದಲಾಗಬೇಕು. ಗೋಡೆಯ ಮೇಲೆ ಕುಳಿತ ತುದಿಗಳನ್ನು ಮರೆಯಬಾರದು. ಹೊಸ ಮರಕ್ಕೆ ಗೇರುಸಿಪ್ಪೆಯ ಎಣ್ಣೆ ಬಳಿದರೆ ವರಲೆಯ ಕಾಟ ಕಡಿಮೆ. ಈ ಎಣ್ಣೆ ಮೈಗೆ ತಾಗಿದರೆ ಗುಳ್ಳೆ ಏಳುತ್ತದೆ, ಜೋಕೆ.

2. ಆಮೇಲೆ ಹಂಚು. ಬೆರಳಿನಿಂದ ತಟ್ಟಿದರೆ ಒಳ್ಳೆಯ ಹಂಚು ಗಣಗಣ ಎನ್ನುತ್ತದೆ. ಬಿರುಕು ಬಿಟ್ಟದ್ದು ಬೋದಾಗಿ ಕೇಳುತ್ತದೆ. ಹೊಸ ಹಂಚನ್ನು ಒಣಗಿದ್ದಾಗ ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿಟ್ಟು ಮತ್ತೆ ತೂಗಿರಿ. ತೂಕ ಐದರಲ್ಲೊಂದು ಪಾಲಿಗಿಂತ ಹೆಚ್ಚಿದರೆ ಆ ಹಂಚು ಬೇಡ. ಒಂದು ಕಾರ್ಖಾನೆಯ ಹಂಚು ಇನ್ನೊಂದರದಕ್ಕೆ ಸರಿಯಾಗಿ ಕೂಡದು. ಆದುದರಿಂದ ಹಳೆಯವನ್ನು ಒಂದು ಪಕ್ಕಕ್ಕೆ, ಹೊಸವನ್ನು ಇನ್ನೊಂದು ಪಕ್ಕಕ್ಕೆ ಹೊದಿಸಿರಿ. 10 ಚದರ ಮೀಟರಿಗೆ ಸುಮಾರು 150 ಹಂಚು ಬೇಕಾಗುತ್ತದೆ.

3. ಕೊನೆಗೆ ಗೋಡೆ. ಮಾಡು ಸೋರುತ್ತಿರುವಾಗ ಗೋಡೆಗೆ ಬಣ್ಣ ಬಳಿಯುವುದು ಹಣ ನೀರಿಗೆ ಹಾಕಿದಂತೆ. ಮಣ್ಣು ಅಥವಾ ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಥಂಡಿ ಒಳಗೇ ನಿಲ್ಲುತ್ತದೆ. ಸುಣ್ಣದ ಗಾರೆ, ಸುಣ್ಣದ ಬಳಿತವೇ ಮೇಲು. ಎರಚಲು ಹೊಡೆಯುವ ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿರಿ. ಮಾಡಿನ ನೀರು ಬುಡದಲ್ಲಿ ನಿಲ್ಲದಂತೆ ಕಾಲುವೆ ತೋಡಿರಿ.

ಯಾರು, ಯಾವಾಗ?

ಅಡಿಕೆ ಕೊಯ್ಲು ಮುಗಿದ ಮೇಲೆ, ಮೃಗಶಿರೆ ಮಳೆ ಹಿಡಿಯುವ ಜೂನ್ ಮೊದಲ ವಾರದೊಳಗೆ ಕೆಲಸ ಮುಗಿಯಬೇಕು. ಮಾಡಿನ ಮೇಲೆ ಕೆಲಸ ಬಲ್ಲ ಬಡಗಿಯೇ ಹತ್ತಲಿ. ಪಾಚಿ ಕಟ್ಟಿದ ಹಂಚಿನ ಮೇಲೆ ಹುಡುಗರು ಓಡಾಡುವುದು ಜೀವಕ್ಕೆ ಅಪಾಯ. ಹಂಚು ಕೈದಾಟಿಸುವುದು, ತೊಳೆಯುವುದು, ಸುಣ್ಣ ಬಳಿಯುವುದು, ಕಾಲುವೆ ತೋಡುವುದು ಇವೆಲ್ಲ ಶ್ರಮದಾನದಿಂದ ಆಗತಕ್ಕ ಕೆಲಸಗಳು.

ನೆರೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, ಹಳ್ಳಿಯಲ್ಲಿಯೂ ರಂಗಭೂಮಿ ಬೆಳೆಯಬಲ್ಲುದೆಂದು ತೋರಿಸಿಕೊಟ್ಟಿತು. ನಮ್ಮ ಊರ ಭವನ ಚಿಕ್ಕದಿರಬಹುದು. ಅದರಡಿಯಲ್ಲಿ ನಮ್ಮ ಮಕ್ಕಳು ಮಳೆಗಾಲದ ರಾತ್ರಿ ಒದ್ದೆಯಾಗದೆ ಕುಳಿತು ಪ್ರಸಂಗ ಕೇಳುವಂತಾಗಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವೇನು? ಬರುವ ಭಾನುವಾರವೇ ನಾಲ್ಕು ಜನ ಕೂಡಿ, ಬೆಳಕಿನಲ್ಲಿ ಒಳಗೆ ನಿಂತು ಮೇಲೆ ನೋಡಿರಿ. ಬಿಸಿಲು ತೂರಿ ಬರುವ ಕಡೆಯೇ ನಾಳೆ ಮಳೆ ತೂರಿ ಬರುವ ಕಡೆ.