ಮುಡಿಯೋ ಹೂ ಬೇರೆ, ತಿನ್ನೋ ಹೂ ಬೇರೆ!

ಮಗುವಿನ ಹುಟ್ಟುಹಬ್ಬ ಅಂದಮೇಲೆ ಕೇಕ್ ಬೇಕೇ ಬೇಕು. ಒಂದು ಕಾಲಕ್ಕೆ ಬೇಕರಿಯ ಗಾಜಿನ ಬೀರುವಿನಲ್ಲಷ್ಟೇ ಕಾಣುತ್ತಿದ್ದ ಕೇಕು ಈಗ ಮನೆಯ ಕುಕ್ಕರಿನಲ್ಲೇ ಉಬ್ಬುತ್ತಿದೆ. ಅದರ ಮೇಲೆ ನಿಜವಾದ ಹೂ ಇಟ್ಟು ಸಿಂಗರಿಸುವುದು ಈಚಿನ ಷೋಕಿ. ಷೋಕಿ ತಪ್ಪಲ್ಲ. ಆದರೆ ಆ ಹೂ ಯಾವುದು, ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ.

ಸಂಜೆ ಬಸ್ಸಿಳಿದು, ಸ್ಟ್ಯಾಂಡಿನ ಮುಂದಿನ ಬುಟ್ಟಿಯಿಂದ ನಾಲ್ಕು ಗುಲಾಬಿ ಕೊಂಡು, ನೀರಲ್ಲಿ ಅದ್ದಿ ಕೇಕಿಗೆ ಸಿಕ್ಕಿಸಿಬಿಟ್ಟರೆ ಆಯ್ತೇ? "ಮುಡಿಯೋಕೆ, ದೇವ್ರಿಗೆ ಅಂತ ಮಾರ್ತೀವಿ ಕಣಕ್ಕಾ, ತಿನ್ನೋಕಲ್ಲ" ಎಂದು ಹೂವಾಡಗಿತ್ತಿ ಅಂದರೆ ಅದು ನ್ಯಾಯದ ಮಾತೇ. ಮಾರುಕಟ್ಟೆಗೆ ಬೆಳೆಯುವ ಹೂವಿಗೆ ಹುಳು, ನುಸಿ, ಬೂದಿರೋಗ ತಡೆಯಲು ಔಷಧ ಹೊಡೆಯುತ್ತಾರೆ. ಅದನ್ನು ಯಾರೋ ತಿಂದಾರು ಎಂಬ ಲೆಕ್ಕ ಅಲ್ಲಿಲ್ಲ. ಗಿಡದ ಒಳಕ್ಕೇ ಇಳಿಯುವ ಔಷಧಗಳೂ ಇವೆ. ಎಷ್ಟು ತೊಳೆದರೂ ಅವು ಹೋಗುವುದಿಲ್ಲ.

ಕಣಗಿಲೆ ಬೇಡವೇ ಬೇಡ

ಔಷಧದ ಮಾತು ಹಾಗಿರಲಿ, ಕೆಲವು ಹೂಗಳು ತಾವೇ ವಿಷ. ಪೂಜೆಗೆ ಬುಟ್ಟಿಗಟ್ಟಲೆ ಬರುವ ಕಣಗಿಲೆ ನೋಡಲು ಚೆಂದ, ಹೊಟ್ಟೆಗೆ ಹೋದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಣಗಿಸಿದರೂ ಕುದಿಸಿದರೂ ಅದರ ವಿಷ ಇಳಿಯದು. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ತನ್ನ ದೇವಸ್ಥಾನಗಳ ನೈವೇದ್ಯ, ಪ್ರಸಾದಕ್ಕೆ ಕಣಗಿಲೆ ಬಳಸಕೂಡದೆಂದು ನಿಲ್ಲಿಸಿದ್ದು ಇದೇ ಭಯಕ್ಕೆ. ಹಳದಿ ಕಣಗಿಲೆ, ದತ್ತೂರ, ಎಕ್ಕ, ಗೌರಿ ಹೂ, ನಿತ್ಯಪುಷ್ಪ ಇವೂ ಕೇಕಿನ ಹತ್ತಿರ ಸುಳಿಯಬಾರದು. ತಿನ್ನದೆ ಪಕ್ಕಕ್ಕಿಟ್ಟರಾಯ್ತು ಅನ್ನುವಂತಿಲ್ಲ. ಎಳೆ ಮಗುವಿಗೆ ಅದೆಲ್ಲ ಗೊತ್ತಾದೀತೇ?

ಹಾಗಂತ ಹೆದರಿ ಕೂರಬೇಕಿಲ್ಲ. ಬಾಳೆ ಹೂವಿನ ಪಲ್ಯ, ನುಗ್ಗೆ ಹೂ, ಕುಂಬಳದ ಹೂ, ಗುಲಾಬಿಯ ಗುಲ್ಕನ್ ಉಂಡು ಬೆಳೆದ ನಾಡು ನಮ್ಮದು. ಔಷಧ ಕಾಣದ ಮನೆಯಂಗಳದ ಗುಲಾಬಿ, ದಾಸವಾಳ, ನೀಲಿ ಶಂಖಪುಷ್ಪದ ಎಸಳು ಕೇಕಿಗೆ ಸಾಕು. ನರ್ಸರಿಯಿಂದ ಈಗಷ್ಟೇ ತಂದ ಗಿಡವಾದರೆ ಕೆಲವು ತಿಂಗಳು ತಡೆಯಿರಿ.

ಮಾಡೋದು ಹೇಗೆ?

ಗುಲಾಬಿಯನ್ನೇ ತಗೊಳ್ಳಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕಿತ್ತು, ಎಸಳು ಬಿಡಿಸಿ, ತೊಳೆದು ಬಟ್ಟೆಯ ಮೇಲೆ ಪೂರ್ತಿ ಆರಲು ಬಿಡಿ. ಎಸಳಿನ ಬುಡದ ಬಿಳಿ ಭಾಗ ಕಹಿ, ಕತ್ತರಿಸಿಬಿಡಿ. ಮೊಟ್ಟೆಯ ಬಿಳಿ ಸವರುವುದು ಹಳೆಯ ಪದ್ಧತಿ. ಹಸಿ ಮೊಟ್ಟೆಯಲ್ಲಿ ರೋಗಾಣು ಇರಬಹುದು, ಮೊಟ್ಟೆ ಮುಟ್ಟದ ಮನೆಗಳೂ ಉಂಟು. ಅದಕ್ಕೇ ಅಂಟಿನುಂಡೆಗೆ ಹಾಕುವ ಅಂಟು ವಾಸಿ. 2 ಟೀ ಚಮಚ ಅಂಟಿನ ಪುಡಿಯನ್ನು 2 ದೊಡ್ಡ ಚಮಚ ನೀರಿನಲ್ಲಿ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಸೋಸಿಕೊಳ್ಳಿ.

ಹೊಸ ಬ್ರಷ್ಷಿನಲ್ಲಿ ಎಸಳಿನ ಎರಡೂ ಕಡೆ ಇದನ್ನು ತೆಳ್ಳಗೆ ಬಳಿಯಬೇಕು. ಮಿಕ್ಸಿಯಲ್ಲಿ ಒಂದು ಸುತ್ತು ತಿರುವಿದ ಸಣ್ಣ ಸಕ್ಕರೆಯನ್ನು ಮೇಲೆ ಉದುರಿಸಬೇಕು. ಹಿಟ್ಟಿನಂತೆ ನುಣ್ಣಗಾದರೆ ಎಸಳು ಹೊಳೆಯುವುದಿಲ್ಲ. ನೆರಳಲ್ಲಿ, ಫ್ಯಾನಿನ ಕೆಳಗೆ ಒಂದೆರಡು ದಿನ ಬಿಟ್ಟರೆ ಹಪ್ಪಳದಂತೆ ಗರಿಗರಿಯಾಗುತ್ತದೆ. ಮಳೆಗಾಲದಲ್ಲಿ ಇನ್ನೂ ತಡ. ಗಾಳಿಯಾಡದ ಡಬ್ಬಿಯಲ್ಲಿಡಿ. ಕೇಕ್ ಕೊಯ್ಯುವ ಹೊತ್ತಿಗಷ್ಟೇ ಮೇಲಿಡಿ. ಮೊದಲೇ ಇಟ್ಟರೆ ಕ್ರೀಮಿನ ಪಸೆಗೆ ಸಕ್ಕರೆ ಕರಗಿ ಎಸಳು ಮುದುಡೀತು.

ದಾಸವಾಳದ ನಡುವಿನ ಕೇಸರ ತೆಗೆದೇ ಬಳಸಬೇಕು. ಪರಾಗ ಆಗದವರು, ಉಬ್ಬಸದವರು ಹೂವಿನಿಂದ ದೂರ ಇರುವುದು ಕ್ಷೇಮ.

ಖರ್ಚು? ಹಿಡಿ ಸಕ್ಕರೆ, ಚಿಟಿಕೆ ಅಂಟು, ಎರಡು ದಿನದ ತಾಳ್ಮೆ. ಮನೆಯಲ್ಲಿ ಕೇಕ್ ಮಾಡಿ ಮಾರುವ ಹೆಣ್ಣುಮಕ್ಕಳು "ಈ ಹೂ ನಮ್ಮ ಗಿಡದ್ದೇ" ಎಂದು ಧೈರ್ಯವಾಗಿ ಹೇಳುವಂತಾದರೆ ಗಿರಾಕಿ ಇನ್ನೊಮ್ಮೆ ಬಂದಾನು. ಕೊಳ್ಳುವವರೂ ಅಷ್ಟೇ, ಹೂ ಕಂಡು ಮರುಳಾಗುವ ಮುನ್ನ ಒಂದು ಮಾತು ಕೇಳಲಿ: "ಇದು ಯಾವ ಹೂವಮ್ಮಾ, ಎಲ್ಲಿ ಬೆಳೆದದ್ದು?"