ಅಲಂಕಾರದ ಮೇಣದ ಬತ್ತಿಗೆ ನ್ಯಾಯವಾದ ಬೆಲೆ ಕಟ್ಟುವುದು ಹೇಗೆ?

ಟೊಮೇಟೊ ಬೆಳೆದು ಕೋಲಾರದ ಮಂಡಿಗೆ ಒಯ್ದ ಬೇಸಾಯಗಾರನನ್ನು ಅಲ್ಲಿ ಯಾರೂ 'ನಿನ್ನ ಬೆಲೆ ಎಷ್ಟು?' ಎಂದು ಕೇಳುವುದಿಲ್ಲ. ಹರಾಜಿನಲ್ಲಿ ಕೂಗಿದ್ದೇ ಬೆಲೆ. ರೇಷ್ಮೆ ಗೂಡಿನದೂ ಅದೇ ಕಥೆ. ಹಾಲಿಗಾದರೆ ಒಕ್ಕೂಟ ಗೊತ್ತು ಮಾಡಿದ ದರ. ಹೀಗೆ ಬೇರೆಯವರು ಕಟ್ಟಿದ ಬೆಲೆಗೆ ಮಾರಿಯೇ ರೂಢಿಯಾಗಿರುವ ನಮ್ಮ ಮನೆಗಳಲ್ಲಿ, ತಾವೇ ಬೆಲೆ ಹೇಳಬೇಕಾದ ಸರಕೊಂದು ಕೈಗೆ ಬಂದಾಗ ಬಾಯಿ ತಡವರಿಸುತ್ತದೆ. 'ನೀವೇ ನೋಡಿ ಕೊಡಿ' ಎಂದುಬಿಡುತ್ತೇವೆ. ಗಿರಾಕಿ ನೋಡಿಯೇ ಕೊಡುತ್ತಾನೆ, ಆದರೆ ತನ್ನ ಕಡೆಗೆ ನೋಡಿಕೊಂಡು.

ಬಿಡುವಿನ ವೇಳೆಯ ಉಪಕಸಬಾಗಿ ಮನೆಯಲ್ಲಿ ಅಲಂಕಾರದ ಮೇಣದ ಬತ್ತಿ ಮಾಡಬೇಕೆನ್ನುವವರು ಮೊದಲು ಎಡವುವುದು ಇಲ್ಲಿಯೇ. ಮೇಣ ಕರಗಿಸಿ ಅಚ್ಚಿಗೆ ಹೊಯ್ಯುವ ಕೆಲಸವನ್ನು ನಾಲ್ಕು ದಿನದಲ್ಲಿ ಕಲಿಯಬಹುದು. ಬೆಲೆ ಕಟ್ಟುವುದನ್ನು ಕಲಿಯದಿದ್ದರೆ ಎಷ್ಟು ಬತ್ತಿ ಮಾರಿದರೆ ಅಷ್ಟು ನಷ್ಟ.

ಆಂಡರ್ಸನ್‌ಪೇಟೆ, ಬೇತಮಂಗಲ, ಬಂಗಾರಪೇಟೆ ಸುತ್ತಿನ ಹಳ್ಳಿಯವರಿಗೆ ಈ ಕಸಬಿನಲ್ಲಿ ಒಂದು ಅನುಕೂಲವಿದೆ. ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹಳೆಯ ಚರ್ಚುಗಳು ಹಲವಾರಿವೆ. ಕ್ರಿಸ್‌ಮಸ್ ಅಲ್ಲದೆ ಮದುವೆ, ನಾಮಕರಣಗಳಿಗೂ ಬತ್ತಿ ಬೇಕು. ದೀಪಾವಳಿಯ ಬೇಡಿಕೆ ಬೇರೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಇಲ್ಲಿಂದ ಸಾವಿರಾರು ಮಂದಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ದುಡಿಯಲು ಹೋಗಿ ಬರುತ್ತಾರೆ. ಆದ್ದರಿಂದ ಬೆಂಗಳೂರಿನ ಅಂಗಡಿಗೆ ಒಂದು ಪೆಟ್ಟಿಗೆ ತಲುಪಿಸುವುದು ಕಷ್ಟವಲ್ಲ. ಟೊಮೇಟೊ, ಮಾವಿನ ಕಾಯಿ, ರಾಗಿ ತೆನೆಯ ಆಕಾರದ ಬತ್ತಿ, ಗಣಿ ಬಾವಿಯ ಮೇಲಿನ ಉಕ್ಕಿನ ಗೋಪುರದ ಆಕಾರದ ಬತ್ತಿ, ಇಂಥವು ಬೇರೆ ಊರಿನವರಿಗೆ ಹೊಳೆಯದ ಸರಕು.

ಸಾದಾ ಬಿಳಿ ಬತ್ತಿಯ ಗೋಜಿಗೆ ಹೋಗಬೇಡಿ. ಮೇಣದ ಬತ್ತಿಯ ತಯಾರಿಕೆ ಬಹು ಕಾಲ ಸಣ್ಣ ಕೈಗಾರಿಕೆಗಳಿಗೆಂದೇ ಮೀಸಲಾಗಿತ್ತು. ಉಪ್ಪಿನಕಾಯಿ, ಅಗರಬತ್ತಿ, ಬೆಂಕಿಪೊಟ್ಟಣಗಳೊಡನೆ ಅದರ ಮೀಸಲೂ 2015ರ ಏಪ್ರಿಲ್‌ನಲ್ಲಿ ರದ್ದಾಯಿತು. ಯಂತ್ರದಲ್ಲಿ ಸಾವಿರಗಟ್ಟಲೆ ಇಳಿಯುವ ಬತ್ತಿಯೊಡನೆ ಕೈಯಲ್ಲಿ ಮಾಡಿದ್ದು ಬೆಲೆಯಲ್ಲಿ ಸೆಣಸಲಾರದು. ಆಕಾರ, ಬಣ್ಣ ಮತ್ತು ಕೈಕೆಲಸಕ್ಕೆ ಹಣ ಕೊಡುವ ಗಿರಾಕಿಯೇ ನಿಮ್ಮ ಗಿರಾಕಿ.

ಮೊದಲು ಅಸಲು ತಿಳಿಯಿರಿ

ಒಂದು ಬತ್ತಿಗೆ ಎಷ್ಟು ಮೇಣ ಹಿಡಿಯುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳಬಾರದು. ಅಚ್ಚಿಗೆ ನೀರು ತುಂಬಿ, ಆ ನೀರನ್ನು ತಕ್ಕಡಿಯಲ್ಲಿ ತೂಗಿರಿ. ಗಟ್ಟಿಯಾದ ಪ್ಯಾರಾಫಿನ್ ಮೇಣ ನೀರಿಗಿಂತ ಹಗುರ. ನೀರಿನ ತೂಕದ ಹತ್ತರಲ್ಲಿ ಒಂಬತ್ತು ಪಾಲು ಮೇಣ ಬೇಕೆಂದು ಲೆಕ್ಕ ಹಾಕಬಹುದು. ಮೇಣ ಆರಿದಾಗ ಕುಗ್ಗಿ ನಡುವೆ ಗುಳಿ ಬೀಳುವುದರಿಂದ ಎರಡನೆಯ ಸಲ ಹೊಯ್ಯಬೇಕಾಗುತ್ತದೆ. ಪಾತ್ರೆಗೆ ಅಂಟಿದ್ದು, ಚೆಲ್ಲಿದ್ದು ಸೇರಿ ನೂರಕ್ಕೆ ಐದರಷ್ಟು ನಷ್ಟ ಹಿಡಿದುಕೊಳ್ಳಿ. ಅಚ್ಚಿನಲ್ಲಿ ಉಳಿದ ನೀರಿನ ಹನಿಯನ್ನು ಒರೆಸಿ ಒಣಗಿಸಿದ ಮೇಲೆಯೇ ಮೇಣ ಹೊಯ್ಯಬೇಕು, ಇಲ್ಲವಾದರೆ ಬತ್ತಿಯ ಮೈಯೆಲ್ಲ ತೂತಾಗುವುದು.

ಮೇಣವನ್ನು ಎಂದೂ ನೇರವಾಗಿ ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿರಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕುವುದು ಅತ್ಯಂತ ಅಪಾಯಕರ. ಒಲೆ ಆರಿಸಿ ಪಾತ್ರೆಯ ಮುಚ್ಚಳ ಮುಚ್ಚಬೇಕು. ಪಕ್ಕದಲ್ಲಿ ಒಂದು ಬಕೆಟ್ ಮರಳು ಇರಲಿ.

ಈಗ ಕೂಲಿಯ ಮಾತು. ನೂರಕ್ಕೆ ತೊಂಬತ್ತು ಮನೆಗಳಲ್ಲಿ ಬಿಟ್ಟುಹೋಗುವುದು ಇದೇ ಎಂದರೆ ಹೆಚ್ಚಲ್ಲ. 'ಮನೆಯಲ್ಲಿ ಸುಮ್ಮನೆ ಕೂತಿದ್ದೆವು, ಮಾಡಿದೆವು, ಅದಕ್ಕೇನು ಕೂಲಿ?' ಎನ್ನುತ್ತಾರೆ. ಹೊಲದಲ್ಲಿಯೂ ನಾವು ಹೀಗೆಯೇ ತಪ್ಪುತ್ತೇವೆ. ಕಳೆ ಕಿತ್ತ ಆಳಿನ ಕೂಲಿ ಲೆಕ್ಕಕ್ಕೆ ಬರುತ್ತದೆ, ಅದೇ ಸಾಲಿನಲ್ಲಿ ಬಗ್ಗಿ ಕಳೆ ಕಿತ್ತ ಮನೆಯಾಕೆಯ ಕೂಲಿ ಬರುವುದಿಲ್ಲ. ಆದರೆ ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಬೆಂಬಲ ಬೆಲೆಗಾಗಿ ಬೇಸಾಯದ ಖರ್ಚು ಹಾಕುವಾಗ ಮನೆಮಂದಿಯ ದುಡಿಮೆಗೂ ಕೂಲಿ ಕಟ್ಟಿ ಸೇರಿಸುತ್ತದೆ. ರಾಗಿಗೆ ಸಲ್ಲುವ ಈ ನ್ಯಾಯ ಮೇಣದ ಬತ್ತಿಗೂ ಸಲ್ಲಬೇಕು.

ಎಷ್ಟು ಕೂಲಿ ಹಿಡಿಯಬೇಕು? ಕರ್ನಾಟಕದಲ್ಲಿ 2025-26ರ ಸಾಲಿಗೆ ಉದ್ಯೋಗ ಖಾತರಿ ಕೆಲಸದ ದಿನಗೂಲಿ 370 ರೂಪಾಯಿ ಇತ್ತು. ಮಣ್ಣು ಹೊರುವ ಕೆಲಸಕ್ಕೇ ಅಷ್ಟಿದ್ದ ಮೇಲೆ, ಕಣ್ಣಳತೆ ಮತ್ತು ಕೈಚಳಕ ಬೇಕಾದ ಈ ಕೆಲಸಕ್ಕೆ ಅದಕ್ಕಿಂತ ಕಡಿಮೆ ಹಿಡಿಯುವುದು ಸರಿಯಲ್ಲ. ಲೆಕ್ಕಕ್ಕೆ ಸುಲಭವಾಗಲೆಂದು ಗಂಟೆಗೆ 60 ರೂಪಾಯಿ, ಅಂದರೆ ನಿಮಿಷಕ್ಕೆ ಒಂದು ರೂಪಾಯಿ, ಎಂದಿಟ್ಟುಕೊಳ್ಳೋಣ. ಗಡಿಯಾರ ನೋಡಿ ಬರೆದಿಡಿ. ಅಚ್ಚು ಬಿಡಿಸುವುದು, ಅಂಚು ಹೆರೆಯುವುದು, ಬಣ್ಣ ಮುಟ್ಟಿಸುವುದು, ಪಾತ್ರೆ ತೊಳೆಯುವುದು ಎಲ್ಲವೂ ಸೇರಬೇಕು.

ಒಂದು ಉದಾಹರಣೆ

ಇಬ್ಬರು ಹೆಂಗಸರು ಸೇರಿ ತಲಾ 100 ಗ್ರಾಂ ತೂಗುವ ಟೊಮೇಟೊ ಆಕಾರದ 40 ಬತ್ತಿ ಮಾಡಿದರೆನ್ನಿ. ಕೆಳಗಿನ ದರಗಳು ಲೆಕ್ಕದ ಕ್ರಮ ತಿಳಿಯಲೆಂದು ಹಾಕಿದವು. ನಿಮ್ಮ ರಸೀದಿಯಲ್ಲಿರುವ ದರಗಳನ್ನು ಅವುಗಳ ಜಾಗದಲ್ಲಿ ಬರೆದುಕೊಳ್ಳಬೇಕು.

ಮೇಣ 4.2 ಕಿಲೋ, ಕಿಲೋಗೆ ರೂ. 160ರಂತೆ — ರೂ. 672
ನೂಲಿನ ಬತ್ತಿ 40, ಒಂದಕ್ಕೆ ರೂ. 1ರಂತೆ — ರೂ. 40
ಬಣ್ಣ — ರೂ. 40
ಅನಿಲ — ರೂ. 60
ಪೆಟ್ಟಿಗೆ ಮತ್ತು ಚೀಟಿ 38, ಒಂದಕ್ಕೆ ರೂ. 6ರಂತೆ — ರೂ. 228
ಕೂಲಿ 10 ಗಂಟೆ, ಗಂಟೆಗೆ ರೂ. 60ರಂತೆ — ರೂ. 600
ಅಚ್ಚಿನ ಸವಕಳಿ — ರೂ. 120
ಮೇಣ ತಂದ ಬಾಡಿಗೆ, ಓಡಾಟ, ಫೋನು, ಇವುಗಳ ಪಾಲು — ರೂ. 140
ಒಟ್ಟು — ರೂ. 1,900

ಅಚ್ಚಿನ ಸವಕಳಿ ಎಂದರೆ, 300 ರೂಪಾಯಿಯ ಸಿಲಿಕೋನ್ ಅಚ್ಚು ನೂರು ಸಲ ಬಾಳಿದರೆ ಒಂದು ಬತ್ತಿಗೆ 3 ರೂಪಾಯಿ ತಿಂದಂತೆ. ನೇಗಿಲ ಗುಳ ಸವೆದ ಹಾಗೆಯೇ ಇದೂ.

ನಲವತ್ತು ಬತ್ತಿ ಹೊಯ್ದರೂ ನಲವತ್ತೂ ಮಾರಲು ಯೋಗ್ಯವಾಗಿರುವುದಿಲ್ಲ. ಎರಡು ಮುಕ್ಕಾಗಿ ಹೋದವೆನ್ನಿ. ಅವುಗಳ ಮೇಣ ಮತ್ತೆ ಕರಗಿಸಲು ಬರುತ್ತದೆ, ಆದರೆ ಕೂಲಿ ಹೋಯಿತು. ಆದ್ದರಿಂದ 1,900ನ್ನು 40ರಿಂದಲ್ಲ, 38ರಿಂದ ಭಾಗಿಸಬೇಕು. ಒಂದು ಬತ್ತಿಯ ಅಸಲು 50 ರೂಪಾಯಿ.

ಲೆಕ್ಕವಿಡದವರು ಏನು ಮಾಡುತ್ತಾರೆ ನೋಡಿ. ಮೇಣ, ನೂಲು, ಬಣ್ಣ ಮಾತ್ರ ಕೂಡಿಸಿದರೆ ಬತ್ತಿಗೆ 19 ರೂಪಾಯಿ ಕೂಡ ಆಗುವುದಿಲ್ಲ. ಅದನ್ನು 30ಕ್ಕೆ ಮಾರಿ 11 ರೂಪಾಯಿ ಲಾಭವೆಂದು ಸಂತೋಷಪಡುತ್ತಾರೆ. ನಿಜವಾಗಿ ಬತ್ತಿಯೊಂದಕ್ಕೆ 20 ರೂಪಾಯಿ ಕೈಬಿಟ್ಟಿದೆ. ಹೆಚ್ಚಿನ ಭಾಗ ಅವರ ಸ್ವಂತ ಕೂಲಿಯೇ ಆದ್ದರಿಂದ ಜೇಬಿಗೆ ತಟ್ಟುವುದು ತಡವಾಗಿ. ಅಚ್ಚು ಹರಿದು ಹೊಸದು ಕೊಳ್ಳಬೇಕಾದ ದಿನ ಹಣವಿರುವುದಿಲ್ಲ, ಕಸಬು ಅಲ್ಲಿಗೆ ನಿಲ್ಲುತ್ತದೆ.

ಕೂಲಿ ಬೇರೆ, ಲಾಭ ಬೇರೆ. ಕೂಲಿ ದುಡಿದದ್ದಕ್ಕೆ, ಲಾಭ ಹಣ ಹಾಕಿದ್ದಕ್ಕೆ ಮತ್ತು ಮಾರಾಟವಾಗದೆ ಉಳಿಯಬಹುದಾದ ಅಪಾಯಕ್ಕೆ. ಅಸಲಿನ ಮೇಲೆ ನೂರಕ್ಕೆ 20 ಲಾಭ ಹಿಡಿದರೆ ಬತ್ತಿ 60 ರೂಪಾಯಿ. ಇದು ನಿಮ್ಮ ಸಗಟು ಬೆಲೆ. ಅಂಗಡಿಯವನಿಗೆ ಇದಕ್ಕಿಂತ ಕೆಳಗೆ ಕೊಡಬೇಡಿ.

ಅಂಗಡಿಯವನ ಪಾಲು

ಅಂಗಡಿಯವನು 'ನನಗೆ ನೂರಕ್ಕೆ 25 ಬಿಡಬೇಕು' ಎನ್ನುತ್ತಾನೆ. ಇಲ್ಲಿ ಓದು ಬರಹ ಬಲ್ಲವರೂ ಮೋಸಹೋಗುತ್ತಾರೆ. 60ಕ್ಕೆ ನೂರಕ್ಕೆ 25ರಂತೆ 15 ಸೇರಿಸಿ 75 ಎಂದು ಬೆಲೆ ಬರೆಯುತ್ತಾರೆ. ಆದರೆ ಅವನು ಪಾಲು ಹಿಡಿಯುವುದು ಚಿಲ್ಲರೆ ಬೆಲೆಯ ಮೇಲೆ. 75ರಲ್ಲಿ ಕಾಲು ಭಾಗ ಎಂದರೆ 18 ರೂಪಾಯಿ 75 ಪೈಸೆ ಅವನಿಗೆ. ನಿಮಗೆ ಉಳಿಯುವುದು 56 ರೂಪಾಯಿ 25 ಪೈಸೆ. ನಿಮ್ಮ ಹತ್ತು ರೂಪಾಯಿ ಲಾಭದಲ್ಲಿ ಮೂರು ಮುಕ್ಕಾಲು ರೂಪಾಯಿ ಸದ್ದಿಲ್ಲದೆ ಹೋಯಿತು. ಸರಿಯಾದ ಕ್ರಮವೆಂದರೆ 60ನ್ನು 75ರಿಂದ ಭಾಗಿಸಿ ನೂರರಿಂದ ಗುಣಿಸುವುದು, ಉತ್ತರ 80. ಅಂಗಡಿಯವನಿಗೆ 20, ನಿಮಗೆ 60. ಅವನು 30 ಕೇಳಿದರೆ 70ರಿಂದ ಭಾಗಿಸಬೇಕು.

ಅಂಗಡಿಯವನ ಪಾಲನ್ನು ಕಂಡು ಹೊಟ್ಟೆ ಉರಿದುಕೊಳ್ಳುವುದು ಬೇಡ. ಬಾಡಿಗೆ ಅವನದು, ಒಡೆದರೆ ನಷ್ಟ ಅವನದು. ಆದರೆ ಸರಕು ತೆಗೆದುಕೊಳ್ಳುವಾಗಲೇ ಹಣ ಕೊಡುವವನಿಗೂ, 'ಮಾರಿದ ಮೇಲೆ ಕೊಡುತ್ತೇನೆ' ಎನ್ನುವವನಿಗೂ ಒಂದೇ ಪಾಲು ಕೊಡುವುದು ತರವಲ್ಲ. ಎರಡನೆಯವನ ಅಂಗಡಿಯಲ್ಲಿ ನಷ್ಟದ ಭಾರ ನಿಮ್ಮ ಮೇಲೆಯೇ ಇರುತ್ತದೆ. ಅವನಿಗೆ 15 ಅಥವಾ 20 ಸಾಕು. ಎಷ್ಟು ಬತ್ತಿ ಕೊಟ್ಟಿರೆಂಬುದನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.

ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರ್ಕೆಟ್ಟಿನ ಅಂಗಡಿಗೆ ಬತ್ತಿ ಹಾಕಿ, ಅದೇ ಬತ್ತಿಯನ್ನು ಚರ್ಚಿನ ಹಬ್ಬದ ದಿನ ನೀವೇ ಮೇಜು ಹಾಕಿ 60ಕ್ಕೆ ಮಾರಿದಿರೆಂದರೆ ಆ ಅಂಗಡಿಯವನು ಮತ್ತೆ ನಿಮ್ಮ ಸರಕು ಮುಟ್ಟುವುದಿಲ್ಲ. ನೀವೂ 80ಕ್ಕೇ ಮಾರಬೇಕು. ಆ ಹೆಚ್ಚಿನ 20 ರೂಪಾಯಿ ದಿನವಿಡೀ ನಿಂತು ಮಾರಿದ ನಿಮ್ಮ ಕೂಲಿ, ಮೇಜಿನ ಬಾಡಿಗೆ ಮತ್ತು ಬಸ್ಸಿನ ಖರ್ಚಿಗೆ. ಮದುವೆಗೆಂದು ನೂರು ಬತ್ತಿ ಒಟ್ಟಿಗೆ ಕೇಳಿ, ಮುಂಗಡ ಕೊಟ್ಟವರಿಗೆ 60 ಮತ್ತು 80ರ ನಡುವೆ ಎಲ್ಲಿಯಾದರೂ ಒಪ್ಪಬಹುದು.

ಪೆಟ್ಟಿಗೆಯಲ್ಲಿ ಹಾಕಿ ಮಾರುವ ಸರಕಿನ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ ಅಚ್ಚಾಗಿರಬೇಕೆಂದು 2011ರ ಪೊಟ್ಟಣ ಸರಕು ನಿಯಮಗಳು ಹೇಳುತ್ತವೆ. ರಾಜ್ಯದೊಳಗೇ ಮಾರುತ್ತ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ಮೀರದವರಿಗೆ ಜಿ.ಎಸ್.ಟಿ. ನೋಂದಣಿ ಕಡ್ಡಾಯವಲ್ಲ. ಆದರೆ ನಮ್ಮದು ಗಡಿ ಸೀಮೆ. ಕುಪ್ಪಂ ಅಥವಾ ವಿ. ಕೋಟೆಯ ಅಂಗಡಿಗೆ ಕಳುಹಿಸಿದರೆ ಅದು ಹೊರರಾಜ್ಯದ ಮಾರಾಟ, ನಿಯಮ ಬೇರೆ. ಕೇಳಿ ತಿಳಿದುಕೊಂಡೇ ಕಳುಹಿಸಿ.

ಗಿರಾಕಿಗೂ ನ್ಯಾಯವಾಗಬೇಕು

ನಿಮಗೆ ಗಿಟ್ಟುವ ಬೆಲೆಯೆಲ್ಲ ನ್ಯಾಯದ ಬೆಲೆಯಾಗುವುದಿಲ್ಲ. 80 ರೂಪಾಯಿ ಕೊಟ್ಟ ಗಿರಾಕಿ ಬತ್ತಿ ಎಷ್ಟು ಹೊತ್ತು ಉರಿಯುತ್ತದೆಂದು ಕೇಳುತ್ತಾನೆ. ಪ್ರತಿ ಸಲ ಹೊಯ್ದಾಗಲೂ ಒಂದನ್ನು ಗಡಿಯಾರವಿಟ್ಟು ಉರಿಸಿ ನೋಡಿ, ಆ ಹೊತ್ತನ್ನು ಚೀಟಿಯಲ್ಲಿ ಬರೆಯಿರಿ. ಹೊಗೆ ಬಿಟ್ಟರೆ ನೂಲು ದಪ್ಪವಾಯಿತೆಂದೂ, ನಡುವೆ ಗುಳಿ ತೋಡಿಕೊಂಡು ಆರಿಹೋದರೆ ನೂಲು ತೆಳುವಾಯಿತೆಂದೂ ತಿಳಿಯಬೇಕು. ಮನೆಯಲ್ಲಿ ಜೇನು ಪೆಟ್ಟಿಗೆ ಇರುವವರು ಜೇನುಮೇಣದ ಬತ್ತಿ ಮಾಡಬಹುದು. ಅದರ ಬೆಲೆ ಪ್ಯಾರಾಫಿನ್‌ಗಿಂತ ಬಹಳ ಹೆಚ್ಚು; ಲೆಕ್ಕ ಬೇರೆಯೇ ಹಾಕಿರಿ. ಎರಡನ್ನೂ ಬೆರೆಸಿ 'ಜೇನುಮೇಣ' ಎಂದು ಬರೆಯುವುದು ಮಾತ್ರ ಹಾಲಿಗೆ ನೀರು ಬೆರೆಸಿದ ಹಾಗೆ.

ನಿಮ್ಮ ಲೆಕ್ಕ 80 ಎಂದರೂ ಆಂಡರ್ಸನ್‌ಪೇಟೆಯ ಗಿರಾಕಿ 70ಕ್ಕಿಂತ ಮೇಲೆ ಬಾರದಿದ್ದರೆ? ಹೆಚ್ಚಿನವರು ಆಗ ತಮ್ಮ ಕೂಲಿಗೆ ಕತ್ತರಿ ಹಾಕುತ್ತಾರೆ. ಅದಕ್ಕಿಂತ ಬತ್ತಿಯನ್ನೇ ಬದಲಿಸುವುದು ಮೇಲು. ಮೇಲಿನ ಲೆಕ್ಕದಂತೆ ಅಸಲಿನಲ್ಲಿ ಒಂದು ರೂಪಾಯಿ ಉಳಿಸಿದರೆ ಅಂಗಡಿ ಬೆಲೆ 1 ರೂಪಾಯಿ 60 ಪೈಸೆ ಇಳಿಯುತ್ತದೆ. 100 ಗ್ರಾಂ ಬದಲು 70 ಗ್ರಾಂ ಅಚ್ಚು ಬಳಸಿದರೆ ಅಸಲು 5 ರೂಪಾಯಿಗಿಂತ ತುಸು ಹೆಚ್ಚೇ ಕಡಿಮೆಯಾಗಿ, ಚಿಲ್ಲರೆ ಬೆಲೆ 80ರಿಂದ 72ರ ಹತ್ತಿರಕ್ಕೆ ಬರುತ್ತದೆ. ಕೈ ಪಳಗಿ ಹತ್ತು ಗಂಟೆಯ ಕೆಲಸ ಎಂಟು ಗಂಟೆಯಲ್ಲಿ ಮುಗಿದರೆ ಇನ್ನೂ 5 ರೂಪಾಯಿ ಇಳಿಯುತ್ತದೆ. ಗಂಟೆಯ ಕೂಲಿ ಅಷ್ಟೇ ಇರುತ್ತದೆ. ಬೆಂಗಳೂರಿಗೆ ಕಳುಹಿಸುವುದು ಗೋಪುರದಂಥ ಹೆಚ್ಚು ಕೈಕೆಲಸದ ಬತ್ತಿಯಾಗಲಿ, ಊರಿನಲ್ಲಿ ಮಾರುವುದು ಸಣ್ಣ ಟೊಮೇಟೊ ಆಗಲಿ. ಒಂದೇ ಬತ್ತಿಗೆ ಎರಡೂರಿನಲ್ಲಿ ಎರಡು ಬೆಲೆ ಹೇಳಿದರೆ ದಿನವೂ ರೈಲಿನಲ್ಲಿ ಓಡಾಡುವ ಜನಕ್ಕೆ ಗೊತ್ತಾಗದೆ ಇರುವುದಿಲ್ಲ.

ಡಿಸೆಂಬರ್ ಕಳೆದ ಮೇಲೆ ಸರಕು ಉಳಿದರೆ ಗಾಬರಿಯಿಂದ ಸಿಕ್ಕ ಬೆಲೆಗೆ ತಳ್ಳುವ ಅಗತ್ಯವಿಲ್ಲ. ಟೊಮೇಟೊ ನಾಲ್ಕು ದಿನ ಕಾಯಲಾರದು, ಅದಕ್ಕೇ ಮಂಡಿಯಲ್ಲಿ ಬೆಳೆದವನ ಕೈ ಕೆಳಗಾಗುತ್ತದೆ. ಮೇಣದ ಟೊಮೇಟೊ ಕಾಯಬಲ್ಲದು. ಬಿಸಿಲು ಬೀಳದ ತಂಪು ಕೋಣೆಯಲ್ಲಿ, ಒಂದರ ಮೇಲೊಂದು ಒತ್ತದಂತೆ, ಕಾಗದ ಸುತ್ತಿ ಇಡಿ. ಬಿಸಿಲಿಗೆ ಬಣ್ಣ ಹಾರುತ್ತದೆ, ಏಪ್ರಿಲ್ ಮೇ ತಿಂಗಳ ಸೆಕೆಗೆ ತಗಡಿನ ಮಾಡಿನ ಕೆಳಗೆ ಆಕಾರ ಕೆಡುತ್ತದೆ. ನೀವೇ ನೇರವಾಗಿ ಮಾರುವಾಗ ನೂರಕ್ಕೆ 20 ರಿಯಾಯಿತಿ ಕೊಟ್ಟು 64ಕ್ಕೆ ಮಾರಿದರೂ ಅಸಲಿನ ಮೇಲೆ 14 ಉಳಿಯುತ್ತದೆ. 50ರ ಕೆಳಗೆ ಕೇಳಿದರೆ ಕೊಡದೆ ಇಟ್ಟುಕೊಳ್ಳಿ. ತೀರ ಹಳತಾದದ್ದನ್ನು ಕರಗಿಸಿದರೆ ಮೇಣವಂತೂ ಕೈಗೆ ಬರುತ್ತದೆ.

ಪ್ಯಾರಾಫಿನ್ ಮೇಣ ಕಚ್ಚಾ ತೈಲ ಶುದ್ಧೀಕರಣದಿಂದ ಬರುವ ಪದಾರ್ಥ, ಆದ್ದರಿಂದ ತೈಲದೊಡನೆ ಅದರ ಬೆಲೆಯೂ ಏರಿಳಿಯುತ್ತದೆ. ಹೊಸ ಮೂಟೆ ತಂದಾಗಲೆಲ್ಲ ಲೆಕ್ಕದ ಪುಸ್ತಕ ತೆರೆದು ಮೊದಲ ಸಾಲನ್ನು ತಿದ್ದಿರಿ. ಮೇಣ ಕಿಲೋಗೆ 20 ರೂಪಾಯಿ ಏರಿದರೆ ಈ ಬತ್ತಿಯ ಚಿಲ್ಲರೆ ಬೆಲೆಗೆ ಮೂರೂವರೆ ರೂಪಾಯಿ ಸೇರಿಸಬೇಕಾಗುತ್ತದೆ, ಹೊಸ ಚೀಟಿ ಅಚ್ಚು ಹಾಕಿಸುವ ಮುಂಚೆಯೇ.