ಅತ್ತೆಯವರ ಉಬ್ಬಸ

ನಮ್ಮ ಅತ್ತೆಯವರಿಗೆ ಕೆಮ್ಮು ಹೊಸದಲ್ಲ. ಚಳಿಗಾಲ ಬಂತೆಂದರೆ ರಾತ್ರಿಯಿಡೀ ಹಾಸಿಗೆ ಮೇಲೆ ಕೂತೇ ಇರೋರು. ಮೆಣಸಿನ ಕಷಾಯ, ಆಡುಸೋಗೆ ರಸ, ಬೀದಿ ಕೊನೆಯ ಡಾಕ್ಟರ ಸಿರಪ್ಪು, ತೀರಾ ಜೋರಾದರೆ ಒಂದು ಇಂಜೆಕ್ಷನ್ನು. ಹೀಗೇ ಎಂಟು ವರ್ಷ ಕಳೆಯಿತು. "ವಯಸ್ಸಾಯ್ತಲ್ಲ" ಅಂತ ನಾನೂ ಸುಮ್ಮನಿದ್ದೆ. ಕಳೆದ ಮಾಗಿಯಲ್ಲಿ ಬಚ್ಚಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಬಾಗಿಲು ಹಿಡಿದು ನಿಂತುಬಿಟ್ಟರು. ತುಟಿ ನೀಲಿಗಟ್ಟಿತ್ತು. ನಮ್ಮೂರ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಉಳಿಸಿದರು. ಎದ್ದು ಓಡಾಡುವಂತಾದ ಮೇಲೆ, ಮೈಸೂರಿನ ಶ್ವಾಸಕೋಶ ತಜ್ಞರಿಗೆ ಚೀಟಿ ಬರೆದುಕೊಟ್ಟವರೂ ಅವರೇ.

ತಜ್ಞರು ಕೇಳಿದ ಮೊದಲ ಪ್ರಶ್ನೆ, "ಅಮ್ಮಾ, ಎಷ್ಟು ವರ್ಷ ಸೌದೆ ಒಲೆ ಊದಿದಿರಿ?" ಬೀಡಿ ಸಿಗರೇಟು ಸೇದುವವರಿಗೆ ಬರುವ ಸಿ.ಓ.ಪಿ.ಡಿ. ಎಂಬ ಕಾಯಿಲೆ ಹೊಗೆಯಲ್ಲಿ ಬೇಯಿಸಿದ ಹೆಂಗಸರಿಗೂ ಬರುತ್ತದಂತೆ! ಉಸಿರುನಾಳ ಕಿರಿದಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬರೋದಿಲ್ಲ.

ಇದನ್ನು ತಿಳಿಯೋಕೆ ಎಕ್ಸ್‌ರೇ ಒಂದೇ ಸಾಲದು. ಸ್ಪೈರೋಮೀಟರಿನ ಕೊಳವೆಗೆ ಜೋರಾಗಿ ಊದಬೇಕು. 1846ರಲ್ಲೇ ಇಂಗ್ಲೆಂಡಿನ ಜಾನ್ ಹಚಿನ್‌ಸನ್ ಎಂಬ ವೈದ್ಯರು ಲೋಕಕ್ಕೆ ತೋರಿಸಿದ ಯಂತ್ರವಿದು. "ಜೀವಮಾನವೆಲ್ಲಾ ಊದುಗೊಳವೆ ಊದಿದ್ದೇ ಆಯ್ತು, ಇದೂ ಒಂದು ಕೊಡಪ್ಪ" ಅಂದರು ಅತ್ತೆ. ಊದಿದ ಒಟ್ಟು ಗಾಳಿಯಲ್ಲಿ ನೂರಕ್ಕೆ 70 ಭಾಗವಾದರೂ ಮೊದಲ ಸೆಕೆಂಡಿನಲ್ಲೇ ಬರಬೇಕು. ಅತ್ತೆಯವರದು 52. ಔಷಧಿ ಎಳೆಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿದರು. ಆಸ್ತಮಾ ಆಗಿದ್ದರೆ ಸಾಮಾನ್ಯವಾಗಿ ಚೆನ್ನಾಗಿ ಏರುತ್ತದೆ, ಇವರದು ಏರಲಿಲ್ಲ.

"ಪಂಪು ಹಿಡಿದರೆ ಚಟವಾಗುತ್ತೆ" ಅಂತ ನೆಂಟರೆಲ್ಲ ಹೆದರಿಸಿದ್ದರು. ಡಾಕ್ಟರು ನಕ್ಕುಬಿಟ್ಟರು. ಮಾತ್ರೆ ಮೈಯೆಲ್ಲ ಸುತ್ತಬೇಕು, ಇನ್‌ಹೇಲರ್ ಔಷಧಿ ನೇರ ಉಸಿರುನಾಳಕ್ಕೆ, ಅದೂ ಕಡಿಮೆ ಪ್ರಮಾಣದಲ್ಲಿ. ನಿಧಾನವಾಗಿ ಎಳೆದು, ಹತ್ತು ಎಣಿಸೋವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇರುವುದಾದರೆ ಆಮೇಲೆ ಬಾಯಿ ಮುಕ್ಕಳಿಸಲೇಬೇಕು. (ನಮ್ಮೆಜಮಾನರು ತೋರಿಸಿಕೊಡೋಕೆ ಹೋಗಿ ಅರ್ಧ ಔಷಧಿ ಗಾಳಿಗೆ ಬಿಟ್ಟರು!) ಹಾಳಾದ ಶ್ವಾಸಕೋಶ ಮೊದಲಿನಂತಾಗದು ಎಂದೂ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಎಂಟು ವರ್ಷ ನನ್ನನ್ನು ಈಗಲೂ ಚುಚ್ಚುತ್ತದೆ.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತ. ಕ್ಷಯವಲ್ಲವೆಂದಾದರೂ ಏದುಸಿರು ಬಿಡದಿದ್ದರೆ ತಜ್ಞರ ಬಳಿ ಹೋಗಿ, ನಮ್ಮ ಹಾಗೆ ಕಾಯಬೇಡಿ.

ಅಡಿಗೆಗೆ ಗ್ಯಾಸ್ ಬಂದರೂ ನಮ್ಮ ಬಚ್ಚಲ ಹಂಡೆಗೆ ಸೌದೆಯೇ ಇತ್ತು. ಹೊರಡುವಾಗ ಡಾಕ್ಟರು ನನ್ನ ಕೆಮ್ಮು ಕೇಳಿ, "ನೀವೂ ಒಂದ್ಸಲ ಊದಿಬಿಡಿ" ಅಂದರು. 74 ಬಂತು. ಹಂಡೆ ಈಗ ಅಟ್ಟ ಸೇರಿದೆ.